ಮಾಳಿಗೆ ಮೇಲಿನ ಮಣ್ಣು

ಅವರ ಮುಖಕ್ಕಿಂತ ಮೊದಲು ನನಗೆ ಅವರ ಗಂಟಲಮಣಿ ನೆನಪಾಗುತ್ತದೆ. ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ತಲೆಯನ್ನು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಾ ನಿಂತುಬಿಡುತ್ತಿದ್ದರು. ಸಣಕಲು ಕುತ್ತಿಗೆ, ಕ್ಷೌರದ ಕತ್ತಿಗೆ ಸಿಗದೆ ಉಳಿದ ನಾಲ್ಕು ಬಿಳಿ ಕೂದಲು, ನಡುವೆ ಎದ್ದು ನಿಂತ ಆ ಮಣಿ. ಉಗುಳು ನುಂಗಿದಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಮನೆಯವರು "ಬರ್ರಿ, ಕುಂದರ್ರಿ" ಎಂದು ಕೈ ಮುಗಿದರೆ ಆ ಕಡೆ ಲಕ್ಷ್ಯವೇ ಇಲ್ಲ. ಮೊದಲು ಮಾಳಿಗೆ, ಆಮೇಲೆ ಮನುಷ್ಯರು. ಊರಿನವರು ಸೊಕ್ಕಿನವನು ಅಂದುಕೊಂಡರು. ನನ್ನ ಗೆಳತಿ ಮಲ್ಲವ್ವನಂತೂ, "ಯಕ್ಕಾ, ಆ ಸರ್ ನೆಲುವಿನ್ಯಾಗ ಬೆಣ್ಣಿ ಹುಡಕತಾನೇನು ನೋಡ, ಗಡಿಗಿ ಕೆಳಗ ಇಳಸು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅವರು ವಿಶ್ವವಿದ್ಯಾಲಯದಲ್ಲಿ ಮನೆ ಕಟ್ಟುವ ವಿದ್ಯೆ ಕಲಿಸುವವರು. ಸಂಶಿಯಲ್ಲಿ ಬಸ್ಸು ಇಳಿದು, ಸಿಕ್ಕಿದ ಟಂಟಂ ಹತ್ತಿ ನಮ್ಮೂರಿಗೆ ಬರುತ್ತಿದ್ದರು. ಹೆಗಲಿಗೊಂದು ಚೀಲ, ಕೈಯಲ್ಲಿ ಜಂತಿಗೆ ಚುಚ್ಚಿ ನೋಡುವ ತೆಳ್ಳನೆಯ ಕಬ್ಬಿಣದ ಸರಳು. ಊರಿನಲ್ಲಿ ಯಾರೂ ಅವರ ಹೆಸರು ಹಿಡಿಯಲಿಲ್ಲ. ಮಾಳಿಗಿ ಸರ್ ಎಂದರೆ ಸಾಕಿತ್ತು.

ಅವರು ಮೊದಲು ಬಂದದ್ದು ಒಂದು ಸಾವಿನ ಮೇಲೆ.

ನಮ್ಮದು ಅಣ್ಣತಮ್ಮಂದಿರು ನಡುವೆ ಗೋಡೆ ಹಾಕಿಕೊಂಡು ಹಂಚಿಕೊಂಡ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ನಮ್ಮ ಎರೆಸೀಮೆಯ ಮನೆಗಳೆಲ್ಲ ಹೀಗೆಯೇ. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಹೆಂಗಸರು ಬುಟ್ಟಿ ಹೊತ್ತು ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹೊಸ ಪದರು ಹಾಕಿ ಬಡಿಯಬೇಕು. ಆಗ ಸೋರುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷದಿಂದ ಹಾಕಿದ್ದೇನೆ, ನನ್ನ ಅತ್ತೆಯೂ ಹಾಕಿದ್ದಳು, ಅವಳ ಅತ್ತೆಯೂ ಹಾಕಿದ್ದಳು. ಹಳೆಯದನ್ನು ಕೆರೆದು ತೆಗೆದವರು ಮಾತ್ರ ಒಬ್ಬರೂ ಇಲ್ಲ. ಮಾಳಿಗೆ ಬಿಚ್ಚುವುದು ವಂಶ ಮುಗಿದ ಮನೆಗೆ. ಹಿರಿಯರು ತಲೆಯ ಮೇಲೆ ಹೊತ್ತು ಹಾಕಿದ ಮಣ್ಣನ್ನು ತಿಪ್ಪೆಗೆ ಚೆಲ್ಲುವುದುಂಟೇ? ಹೀಗಾಗಿ ನಮ್ಮ ಮಾಳಿಗೆಯ ಮೇಲೆ ಮೊಣಕಾಲುದ್ದ ಮಣ್ಣು ನಿಂತಿತ್ತು.

ಆ ವರ್ಷ ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ಮೈದುನನ ಹೆಂಡತಿ ಗಂಗವ್ವ, ನನ್ನ ನೆಗೆಣ್ಣಿ, ಮುಂಜಾನೆ ರೊಟ್ಟಿ ಬಡಿಯುತ್ತಿದ್ದಳು. ನಡುಗೋಡೆಯ ಈಚೆ ನನಗೆ ಅವಳ ಕೈಸದ್ದು ಕೇಳುತ್ತಿತ್ತು. ಸದ್ದು ನಿಂತದ್ದು ಮೊದಲು ಗೊತ್ತಾಯಿತು, ಬಿದ್ದ ಸಪ್ಪಳ ಆಮೇಲೆ ಬಂತು. ನನಗೆ ಹಾಗೆಯೇ ನೆನಪಿದೆ. ಮಣ್ಣು ಸರಿಸಿ ತೆಗೆದಾಗ ಅವಳ ಅಂಗೈಗೆ ಹಿಟ್ಟು ಹಾಗೆಯೇ ಮೆತ್ತಿಕೊಂಡಿತ್ತು.

ಬಹಳ ಜನ ಬಂದರು. ಫೋಟೋ ತೆಗೆದುಕೊಂಡರು, ಅಯ್ಯೋ ಅಂದರು, ಹಣೆಬರಹ ಅಂದರು, ಹೋದರು. ಎಲ್ಲರೂ ಹೋದ ಮೇಲೆ ಈ ಮನುಷ್ಯ ಬಂದು, ಅಯ್ಯೋ ಅನ್ನದೆ, ಬಿದ್ದ ಮಣ್ಣಿನ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಹೆಂಟೆಯನ್ನು ಚಾಕುವಿನಿಂದ ಸೀಳತೊಡಗಿದರು. ನನ್ನ ತಲೆ ಕೆಟ್ಟಿತು.

"ಏನ್ರೀ, ಹೆಣಾ ತಗದ ಮಣ್ಣಾಗ ಬಂಗಾರ ಹುಡಕಾಕ ಬಂದೀರೇನು?"

ತಿರುಗಿ ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. "ಇದು ಎಷ್ಟು ಮಂದಿ ಹೊತ್ತ ಮಣ್ಣು ಅಂತ ನೋಡಾಕತ್ತೀನ್ರಿ ಯವ್ವಾ. ನೀವ ಹೇಳ್ರಿ, ಈ ಬೆಳ್ಳನ್ನ ಪದರು ಯಾವಾಗಿಂದು?"

ನೋಡಿದೆ. ಪದರಿನ ಮೇಲೆ ಪದರು, ಮಡಿಚಿ ಲಟ್ಟಿಸಿದ ಚಪಾತಿ ಹರಿದ ಹಾಗಿತ್ತು. ಒಂದು ಬೂದು, ಒಂದು ಬೆಳ್ಳಗೆ, ಒಂದು ಕೆಂಪು. "ಬೆಳ್ಳಂದು ಹಳ್ಳದ ದಂಡೀದು. ನಮ್ಮತ್ತಿ ಇದ್ದಾಗ ಅಲ್ಲಿಂದ ತರತಿದ್ವಿ" ಎಂದೆ. ಅವರು ಅದೇ ಪದರಿನಿಂದ ಏನನ್ನೋ ಕಿತ್ತು, ಪ್ಯಾಂಟಿಗೆ ಒರೆಸಿ ನನ್ನ ಕೈಗೆ ಇಟ್ಟರು. ಹಸಿರು ಬಳೆಯ ಚೂರು. ಬುಟ್ಟಿ ಸುರುವುವಾಗ ಒಡೆದದ್ದು. ನನ್ನದೋ ಗಂಗವ್ವನದೋ ಹೇಳಲಾಗಲಿಲ್ಲ. ಆಗ ನಾವಿಬ್ಬರೂ ಒಂದೇ ಅಂಗಡಿಯ ಬಳೆ ಇಡುತ್ತಿದ್ದೆವು.

"ವರ್ಷಾ ಪ್ರೀತಿಲೆ ಒಂದೊಂದು ಪದರು ಹಾಕೀರಿ. ಒಂದ ವರ್ಷಾನೂ ಹಳೇದು ತಗದಿಲ್ಲ. ಈ ಮಣ್ಣು ನೀರು ಕುಡದ್ರ ಆನಿ ತೂಕ ಆಕ್ಕೈತ್ರಿ. ಹಣೆಬರಹ ಅಲ್ಲ ಇದು. ಭಾರ."

ಅಷ್ಟು ಜನ ಬಂದು ಹೋದವರಲ್ಲಿ ಗಂಗವ್ವ ಯಾಕೆ ಸತ್ತಳು ಎಂದು ಹೇಳಿದವರು ಇವರೊಬ್ಬರೇ. ಕೇಳಿ ಸಮಾಧಾನವಾಗಲಿಲ್ಲ. ಹಣೆಬರಹವಾಗಿದ್ದರೆ ದೇವರನ್ನು ಬೈದು ಸುಮ್ಮನಾಗಬಹುದಿತ್ತು. ಆದರೂ ಆಮೇಲೆ ಅವರು ಬಂದಾಗಲೆಲ್ಲ ಚಹಾ ಕೊಟ್ಟೆ. ಮೊದಲ ಸಲ, "ಸಕ್ರಿ ಹಾಕಬ್ಯಾಡ್ರಿ ಯವ್ವಾ, ನನಗ ಸಕ್ರಿ ಬ್ಯಾನಿ ಐತಿ" ಅಂದರು. ಬೆಲ್ಲ ಹಾಕಿ ಕೊಟ್ಟೆ. ಸುಮ್ಮನೆ ಕುಡಿದರು. ಮಗ ಈರಪ್ಪ ನನ್ನನ್ನು ಬೈದ. ಮುಂದಿನ ಸಲ ಅವರನ್ನೇ ಕೇಳಿದರೆ, "ಭಾಳ ಛಲೋ ಇತ್ರಿ, ಅದಕ್ಕ ಬಾಯಿ ಬಿಡಲಿಲ್ಲ" ಎಂದು ನಕ್ಕರು.

ಅವರ ವಿಚಾರ ಇಷ್ಟು. ಸರಕಾರ ಮನೆ ಬಿದ್ದ ಮೇಲೆ ದುಡ್ಡು ಕೊಡುತ್ತದೆ. ಮನೆ ಬಿದ್ದವರು ಉಳಿದ ಗೋಡೆಯನ್ನೂ ಕೆಡವಿ ಪೂರಾ ಸಿಮೆಂಟಿನ ಮನೆ ಕಟ್ಟುತ್ತಾರೆ. "ಗ್ವಾಡಿದು ತಪ್ಪಿಲ್ರಿ. ಇಂಥಾ ತಂಪು ಗ್ವಾಡಿ ಯಾವ ಫ್ಯಾಕ್ಟರಿ ಕೊಡತೈತಿ? ನೆತ್ತಿ ಒಂದು ಹಗುರ ಮಾಡೂಣು" ಎನ್ನುತ್ತಿದ್ದರು. ಸಿಮೆಂಟು ಅಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ನನಗೂ ಮಲ್ಲವ್ವನಿಗೂ ತಿಳಿಸಿ ಹೇಳಿದರು. "ಕಲ್ಲು ಸುಟ್ಟು ಸಿಮೆಂಟ್ ಮಾಡತಾರ. ಆ ಹೊಗಿ ಮಳೀ ಲೆಕ್ಕಾನ ಕೆಡಸಾಕತ್ತೈತಿ. ಮಳಿ ಕೆಟ್ಟು ನಿಮ್ಮ ಮಾಳಿಗಿ ಬೀಳತೈತಿ. ಬಿದ್ದದ್ದಕ್ಕ ಮತ್ತ ಸಿಮೆಂಟ್. ಗಾಣದ ಎತ್ತು ತಿರಗಿದಂಗ."

"ಎತ್ತಿಗೆ ಹಿಂಡಿನಾದ್ರೂ ಸಿಗತೈತ್ರಿ ಸರ" ಎಂದಳು ಮಲ್ಲವ್ವ. ಅವರು ಬಹಳ ಹೊತ್ತು ನಕ್ಕರು.

ಮಾಳಿಗೆಗೆ ಅಚ್ಚಿನಲ್ಲಿ ಹೊಯ್ದ ಹಲಗೆ ಹಾಕಬೇಕೆನ್ನುವುದು ಅವರ ಸಂಶೋಧನೆ. ಮೊದಲೇ ನೆಲದ ಮೇಲೆ ತಯಾರು ಮಾಡಿ, ಒಣಗಿಸಿ, ಎತ್ತಿ ಜೋಡಿಸುವುದು. ಸಿಮೆಂಟು ಸ್ವಲ್ಪ, ಕಲ್ಲಿದ್ದಲ ಬೂದಿ ಬಹಳ, ನಡುವೆ ಹತ್ತಿಕಟ್ಟಿಗೆಯ ಚೂರು. ಹತ್ತಿ ಬಿಡಿಸಿದ ಮೇಲೆ ನಾವು ಹೊಲದಲ್ಲಿ ಗುಡ್ಡೆ ಹಾಕಿ ಸುಡುವ ಕಟ್ಟಿಗೆ ಅದು. "ಸುಡೂ ಬದ್ಲಿ ನೆತ್ತಿ ಮ್ಯಾಲ ಇಟಗೊಳ್ರಿ, ಬಿಸಲು ತಡೀತೈತಿ." ಆದರೆ ಇದನ್ನು ಮೇಲಿನವರು ನಂಬಬೇಕಾದರೆ ಕಾಗದದ ಮೇಲೆ ಬರೆದರೆ ಸಾಲದಂತೆ. ಮನುಷ್ಯರು ಇರುವ ಒಂದು ಮನೆ ಬೇಕು. ಒಂದು ಪೂರಾ ಮಳೆಗಾಲ ಅದು ನಿಂತು ತೋರಿಸಬೇಕು.

ಊರಿನಲ್ಲಿ ಯಾರೂ ಒಪ್ಪಲಿಲ್ಲ. ನಾನು ಒಪ್ಪಿದೆ. ಮೊಮ್ಮಗಳಿಗೆ ದಿನ ತುಂಬುತ್ತಿತ್ತು, ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತಿಯನ್ನು ಮಲಗಿಸುವುದು ಹಿಂದಿನ ಕತ್ತಲೆಕೋಣೆಯಲ್ಲಿ. ನಮ್ಮ ಮನೆಯಲ್ಲಿ ಅದೇ ಹಳೆಯ ಕೋಣೆ, ಅದರ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಮಣ್ಣು. ಗಂಗವ್ವನ ಅರ್ಧಕ್ಕೂ ನಮ್ಮ ಅರ್ಧಕ್ಕೂ ಒಂದೇ ಮಾಳಿಗೆ. ಇದನ್ನು ತಿಳಿಯಲು ಶಾಲೆ ಬೇಕಾಗಿಲ್ಲ.

ಈರಪ್ಪ ಎರಡು ದಿನ ನನ್ನ ಕೂಡ ಮಾತು ಬಿಟ್ಟ. ಮಲ್ಲವ್ವ ಮಾತು ಬಿಡುವವಳಲ್ಲ. "ಮಾಳಿಗಿ ಬಿಚ್ಚಸ್ತೀಯೇನ ಬೇ? ಗಂಡ ಸತ್ತಾಗೂ ಇಷ್ಟು ಧೈರ್ಯ ಮಾಡಿರಲಿಲ್ಲ ನೀ. ಮಳ್ಳ ಹಿಡದೈತಿ ನಿನಗ."

"ಗಂಡ ಸತ್ತಾಗ ಮಾಳಿಗಿ ಬಿದ್ದಿರಲಿಲ್ಲಲೇ" ಎಂದೆ.

ಊರಿನ ಮಹಿಳಾ ಸಂಘದ ಹೆಂಗಸರು ಹಲಗೆ ಹೊಯ್ದರು. ಗೋಣಿಚೀಲ ಹೊದಿಸಿ ಹೊತ್ತಿಗೆ ಸರಿಯಾಗಿ ನೀರು ಹೊಡೆಯುವ ಕೆಲಸ ನನ್ನದು. "ಕೂಸಿಗೆ ಎರದಂಗ ಎರೀಬೇಕ್ರಿ ಯವ್ವಾ, ಒಣಗಿಸಿದ್ರ ಸೀಳತೈತಿ" ಎಂದು ಮಾಳಿಗಿ ಸರ್ ಫೋನಿನಲ್ಲೂ ನೆನಪು ಮಾಡುತ್ತಿದ್ದರು. ಮಣ್ಣು ಇಳಿಸುವ ದಿನ ಪ್ಯಾಂಟು ಮಡಿಚಿಕೊಂಡು ತಾವೂ ಬುಟ್ಟಿ ಹೊತ್ತರು. ಇಳಿದ ಮಣ್ಣು ಅಂಗಳದಲ್ಲಿ ಸಮಾಧಿಯ ಹಾಗೆ ಎದ್ದಿತು. ನಾನು ಅಳಲಿಲ್ಲ. ಇಷ್ಟು ಭಾರದ ಕೆಳಗೆ ಇಷ್ಟು ವರ್ಷ ಮಲಗಿದ್ದೆನಲ್ಲ ಎಂದು ಅದನ್ನೊಂದು ಸುತ್ತು ಹಾಕಿ ನೋಡಿದೆ, ಅಷ್ಟೇ.

ಆ ಮಳೆಗಾಲವೂ ಜೋರೇ ಇತ್ತು. ನಮ್ಮ ಮಾಳಿಗೆ ಸೋರಲಿಲ್ಲ, ಜಗ್ಗಲಿಲ್ಲ. ಬಾಣಂತಿ ಕತ್ತಲೆಕೋಣೆಯಲ್ಲಿ ಬೆಚ್ಚಗೆ ಮಲಗಿದ್ದಳು. ಮಳೆ ಸುರಿಯುವಾಗಲೇ ಒಂದು ದಿನ ಮಾಳಿಗಿ ಸರ್ ತೋಯಿಸಿಕೊಂಡು ಬಂದರು. ಎಂದಿನಂತೆ ಹೊಸ್ತಿಲಲ್ಲಿ ತಲೆ ಎತ್ತಿದರು. ಆದರೆ ಆ ದಿನ ಗಂಟಲಮಣಿ ಒಂದೇ ಸಲ ಆಡಿತು. ಕೂಡಲೇ ಮುಖ ಕೆಳಗಿಳಿಸಿ, "ಕೂಸು ಏನ್ರಿ? ಹೆಣ್ಣೋ ಗಂಡೋ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಅವರು ಮಾಳಿಗೆ ಬಿಟ್ಟು ಬೇರೆ ಕೇಳಿದ್ದು ಅದೇ ಮೊದಲು.

ಮಲ್ಲವ್ವ ಬಂದು ಸ್ಟೂಲು ಹತ್ತಿ ಹಲಗೆಗೆ ಅಂಗೈ ಹಚ್ಚಿ ನೋಡಿದಳು. ನಗಲಿಲ್ಲ. "ಯಕ್ಕಾ, ಇದು ನಮಗೂ ಸಿಗತೈತೇನು?" ಅಂದಳು.

ಸಿಗಬೇಕಾದರೆ ಸರಕಾರದ ಆದೇಶ ಆಗಬೇಕಿತ್ತು. ಸರ್ ವರದಿ ಬರೆದು ಮೇಲೆ ಕಳಿಸಿದ್ದರು. ನೋಡಲಿಕ್ಕೆ ಒಬ್ಬ ದೊಡ್ಡ ಸಾಹೇಬರು ಕಾರಿನಲ್ಲಿ ಬಂದರು. ಒಳ್ಳೆಯ ಮನುಷ್ಯರೇ. ಚಪ್ಪಲಿ ಬಿಟ್ಟು ಒಳಗೆ ಬಂದರು, ಹಲಗೆ ಹೊಗಳಿದರು. ಆಮೇಲೆ ಕೇಳಿದರು, "ಈ ಮನೆ ಬಿದ್ದಿತ್ತೇ?"

"ಇಲ್ರಿ, ಬೀಳೂಕಿಂತ ಮೊದಲ ಮಾಡೀವಿ" ಎಂದರು ಸರ್.

"ಅದೇ ತೊಂದರೆ ನೋಡಿ. ಬಿದ್ದ ಮನೆಗೆ ಪರಿಹಾರವಾಗಿ ಈ ಹಲಗೆ ಕೊಡಬಹುದು. ನಿಂತಿರುವ ಮನೆಗೆ ಯಾವ ನಿಯಮದಲ್ಲಿ ಕೊಡೋಣ?"

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಸಾಹೇಬ್ರ, ಬಿದ್ದ ಮ್ಯಾಲ ಕೊಟ್ರ ಅದನ್ನ ಹೆಣದ ಮ್ಯಾಲ ಮುಚ್ಚೂದೇನ್ರಿ?" ಎಂದೆ. ಸಾಹೇಬರು ನೆಲ ನೋಡಿದರು. ಸರ್ ನನ್ನ ಕಡೆ ಕಣ್ಣು ಬಿಟ್ಟರು, ಆದರೆ ತುಟಿಯಲ್ಲಿ ಸಿಟ್ಟಿರಲಿಲ್ಲ. ಆ ಸಾಹೇಬರೂ ಪ್ರಯತ್ನ ಮಾಡುತ್ತೇನೆ ಎಂದು ಹೇಳಿ ಹೋದರು. ಮಾಡಿದರೆಂದೇ ಕೇಳಿದ್ದೇನೆ.

ಆ ಬೇಸಿಗೆಯಲ್ಲಿ ಗುಡಿಯ ಕಟ್ಟೆಯ ಮೇಲೆ ಊರನ್ನು ಸೇರಿಸಿ ಮಾಳಿಗಿ ಸರ್ ಮಾತಾಡಿದರು. ಎರಡು ಮಾತು ಹೇಳಿದರು. ಹಳೆಯ ಮಣ್ಣಿನ ಮೇಲೆ ಇನ್ನು ಹೊಸ ಮಣ್ಣು ಹಾಕಬೇಡಿ, ಅದು ಮೊದಲನೆಯದು. ಹಳೆಯದನ್ನು ಇಳಿಸಿ ಹಗುರ ಮಾಳಿಗೆ ಹಾಕಿ, ಅದು ಎರಡನೆಯದು. ಆದೇಶ ಆಗುವುದರಲ್ಲಿದೆ, ಮಳೆಗೆ ಮೊದಲು ಬರಬಹುದು ಎಂದೂ ಹೇಳಿದರು. ಅವರಿಗೆ ಹಾಗೆಂದು ಮೇಲಿನವರು ಹೇಳಿದ್ದರು.

ಮೊದಲನೆಯ ಮಾತು ಎಲ್ಲರಿಗೂ ತಿಳಿಯಿತು. ಬುಟ್ಟಿ ಹೊರುವುದು ತಪ್ಪಿತು ಎಂದರೆ ಯಾವ ಹೆಂಗಸಿಗೆ ಬೇಡ? "ಮಾಳಿಗಿ ಸರ್ ಹೇಳ್ಯಾರ, ಮಣ್ಣು ಹಾಕಬಾರದಂತ" ಎಂದು ಓಣಿ ಓಣಿಯಲ್ಲಿ ಹೇಳಿಕೊಂಡು ನಡೆದವಳು ಮಲ್ಲವ್ವ. ಎರಡನೆಯದಕ್ಕೆ ಆದೇಶ ಬರಬೇಕಿತ್ತು. ರೋಹಿಣಿ ಮಳೆ ಬಂತು, ಮಿರಗದ ಮಳೆ ಬಂತು, ಆದೇಶ ಬರಲಿಲ್ಲ. ನಿಂತ ಮನೆಗೆ ಕೊಡಬೇಕೋ ಬೇಡವೋ ಎಂದು ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತಂತೆ. ಬಿಸಿಲಿಗೆ ಬಿರಿದ ಹಳೆಯ ಮಾಳಿಗೆಗಳು ಆ ವರ್ಷ ಹೊಸ ಪದರು ಕಾಣದೆ ಬಾಯಿ ತೆರೆದು ಮಲಗಿದ್ದವು.

ಸರ್‌ಗೆ ಹೆದರಿಕೆ ಹತ್ತಿತು. ಎಲ್ಲೆಲ್ಲಿಂದಲೋ ಪ್ಲಾಸ್ಟಿಕ್ ತಾಡಪತ್ರಿ ಹೊಂದಿಸಿ ತಂದು, ಬಿರುಕು ಬಿಟ್ಟ ಮಾಳಿಗೆಗಳಿಗೆಲ್ಲ ಹೊದಿಸಿ, ಅಂಚಿಗೆ ಕಲ್ಲು ಹೇರಿಸಿ ಹೋದರು. ಮಲ್ಲವ್ವನ ಮಾಳಿಗೆಗೂ ಹಾಕಿಸಿದರು. "ತಗೀಬ್ಯಾಡ್ರಿ, ದೀಪಾವಳಿತನಾ ತಗೀಬ್ಯಾಡ್ರಿ" ಎಂದು ಮನೆಮನೆಗೆ ಹೇಳಿದರು.

ಹೆಸರುಕಾಳು ಕಟಾವಿಗೆ ಬರುವುದು ಶ್ರಾವಣದಲ್ಲಿ. ಮಲ್ಲವ್ವನ ಮಗ ಬಸು ಹೆಸರು ಕಿತ್ತು ಕಣದಲ್ಲಿ ಗುಡ್ಡೆ ಹಾಕಿದ್ದ. ಆಗ ಮೋಡ ಕಟ್ಟಿತು. ನೆಂದ ಹೆಸರು ಎರಡು ದಿನಕ್ಕೆ ಮೊಳಕೆಯೊಡೆಯುತ್ತದೆ, ಆಮೇಲೆ ದನವೂ ಮೂಸುವುದಿಲ್ಲ. ಮಾಳಿಗೆಯ ತಾಡಪತ್ರಿ ತೆಗೆದು ಹೆಸರಿಗೆ ಹೊದಿಸು ಎಂದು ಮಗನಿಗೆ ಹೇಳಿದವಳು ಮಲ್ಲವ್ವನೇ. ನಾನು ಅವರ ಅಂಗಳದಲ್ಲೇ ಇದ್ದೆ. "ಬ್ಯಾಡ ಮಲ್ಲವ್ವ, ಸರ್ ಬೈತಾರ" ಎಂದೆ.

"ಮಾಳಿಗಿ ನಮ್ಮ ಮುತ್ಯಾನ ಕಾಲದಿಂದ ನಿಂತೈತಿ, ನಾಳಿಗೇನು ಓಡಿ ಹೊಕ್ಕೈತೇನ? ಹೆಸರು ನಿಲ್ಲತೈತೇನ ಬೇ? ಮಳಿ ಹೊಳವಾಗಲಿ, ಮತ್ತ ಹೊದಸ್ತೀವಿ."

ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಎರೆಹೊಲ ಮಾಡುವವರು ಯಾರಾದರೂ ಹಾಗೆಯೇ ಮಾಡುತ್ತಾರೆ.

ಮಳೆ ಹೊಳವಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ ಮಲ್ಲವ್ವ ಪಡಸಾಲೆಯಲ್ಲಿ ಅಡ್ಡಾಗಿದ್ದಳು. ಮುಂದಿನ ಅರ್ಧ ಮಾಳಿಗೆ ಪೂರಾ ಅವಳ ಮೇಲೆ ಬಂತು. ಬಸು ಕಣದಲ್ಲಿದ್ದ. ಹೆಸರು ಒಣಗಿಯೇ ಇತ್ತು.

ಮಲ್ಲವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಸರ್ ಬಂದರು. ಆ ದಿನ ಹೊಸ್ತಿಲೂ ಇರಲಿಲ್ಲ, ತಲೆ ಎತ್ತಿ ನೋಡಲು ಮೇಲೆ ಏನೂ ಇರಲಿಲ್ಲ. ಬಸು ಎದ್ದು ಹೋಗಿ ಅವರ ಎದೆಯ ಮೇಲಿನ ಅಂಗಿ ಹಿಡಿದ.

"ಬಂದ್ರೇನ್ರೀ? ನಿಮ್ಮ ಪುಸ್ತಕಕ್ಕ ಇನ್ನೊಂದು ಹೆಣಾ ಸಿಕ್ಕತು, ಬರಕೊಳ್ರಿ! ಮಣ್ಣು ಹಾಕಬ್ಯಾಡ ಅಂದಾಂವ ಯಾರು? ಯಾವ ಮಗಾ ಅಂದಾಂವ?"

ಜನ ಬಿಡಿಸಿದರು. ಸರ್ ಕೈ ಎತ್ತಲಿಲ್ಲ, ತಾಡಪತ್ರಿಯ ಮಾತನ್ನೂ ತೆಗೆಯಲಿಲ್ಲ. ಗುಂಡಿ ಹರಿದ ಅಂಗಿಯಲ್ಲೇ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಚಹಾ ಬೇಡ ಎಂದರು.

"ಯವ್ವಾ, ನಾ ಎರಡು ಮಾತು ಹೇಳಿದ್ನಿ. ಒಂದು ಸಸ್ತಾ ಇತ್ತು, ಒಂದು ತುಟ್ಟಿ ಇತ್ತು. ಸಸ್ತಾದ್ದು ತಗೊಂಡ್ರು. ತುಟ್ಟೀದು ಕೈಯಾಗ ಬರೂತನಾ ಸಸ್ತಾದ್ದು ನಾ ಹೇಳಬಾರದಾಗಿತ್ತು."

"ಹೌದ್ರಿ. ಹೇಳಬಾರದಾಗಿತ್ತು" ಎಂದೆ.

ಬೇರೆ ಯಾರಾದರೂ ಆಗಿದ್ದರೆ ನಿಮ್ಮದೇನೂ ತಪ್ಪಿಲ್ಲ ಬಿಡ್ರಿ ಎನ್ನುತ್ತಿದ್ದರೋ ಏನೋ. ನನಗೆ ಆ ಬುದ್ಧಿ ಇಲ್ಲ. ಗಂಗವ್ವ ಸತ್ತಾಗ ಇದು ಭಾರ, ಹಣೆಬರಹವಲ್ಲ ಎಂದು ನನಗೆ ನೆಟ್ಟಗೆ ಹೇಳಿದ ಮನುಷ್ಯನಿಗೆ ನಾನು ಸುಳ್ಳು ಹೇಳಲಾರೆ. ಅವರು ತಲೆ ಆಡಿಸಿದರು. ಆಡಿಸಿ, "ಮಣ್ಣು ಕೆರಿಯೂ ಸನಿಕಿ ಎಷ್ಟು ಅದಾವ್ರಿ ನಿಮ್ಮ ಮನ್ಯಾಗ?" ಎಂದು ಕೇಳಿದರು.

ಮಳೆ ನಿಂತ ಮೇಲೆ ಶುರುವಾಯಿತು ಅವರ ಆ ಕೆಲಸ. ಆದೇಶದ ದಾರಿ ಕಾಯಲಿಲ್ಲ. ಪ್ರತಿ ಆದಿತ್ಯವಾರ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು, ಒಪ್ಪಿದವರ ಮಾಳಿಗೆ ಹತ್ತಿ ಹಳೆಯ ಮಣ್ಣು ಕೆರೆದು ಇಳಿಸುವುದು. ತಳದಲ್ಲಿ ಗೇಣು ಮಣ್ಣು ಉಳಿಸಿ, ಬಡಿದು, ಮೇಲೆ ಸುಣ್ಣ ಬೂದಿ ಕಲಸಿ ತೆಳ್ಳಗೆ ಸಾರಿಸುವುದು. ಹಲಗೆಯಷ್ಟು ಗಟ್ಟಿಯಲ್ಲ, ಆದರೆ ಕೊಲ್ಲುವುದಿಲ್ಲ. ಮೊದಮೊದಲು ಯಾರೂ ಹತ್ತಿಸಿಕೊಳ್ಳಲಿಲ್ಲ. ಮಲ್ಲವ್ವನ ಮನೆಯ ಕಡೆಯ ಓಣಿಯಲ್ಲಿ ಅವರು ನಡೆದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರು ಬಾಗಿಲ ಮುಂದೆ ನಿಂತು, "ಮಣ್ಣು ಇಳಸೂದೈತೇನ್ರಿ?" ಎಂದು ಹಳೇ ಪಾತ್ರೆ ಕೊಳ್ಳುವವರ ಹಾಗೆ ಕೂಗುತ್ತಿದ್ದರು. ಈರಪ್ಪನೂ ಸನಿಕೆ ಹಿಡಿದು ಹಿಂದೆ ಹೋದ. ನಿಧಾನಕ್ಕೆ ಒಂದೊಂದು ಬಾಗಿಲು ತೆರೆಯಿತು.

ಕಟ್ಟಕಡೆಗೆ ಬಸುವಿನ ಬಾಗಿಲು. ಅವನ ಮನೆಯ ಹಿಂದಿನ ಅರ್ಧ ನಿಂತಿತ್ತು. ಹೆಂಡತಿ ಮಕ್ಕಳು ಅದರ ಕೆಳಗೇ ಇದ್ದರು. ಒಂದು ಆದಿತ್ಯವಾರ ಅವನೇ ಬಂದು ಅಂಗಳದಲ್ಲಿ ನಿಂತ. ಸರ್ ಮುಖ ನೋಡದೆ, "ನಮ್ದೂ ಒಂದೀಟು ಇಳಿಸಿ ಕೊಡ್ರಿ" ಎಂದ. ಸರ್ ಕೇಳಿದ್ದೇ ತಡ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಕೆಳಗಿನಿಂದ ಸರಳು ಚುಚ್ಚಿ ನೋಡಿ ಯಾವ ಜಂತಿ ಗೆದ್ದಲು ತಿಂದಿದೆ ಎಂದು ತಿಳಿದುಕೊಂಡೇ ಹತ್ತಿದರು. "ತೊಲಿ ಮ್ಯಾಲಷ್ಟ ಕಾಲಿಡ್ರಿ" ಎಂದು ಎಲ್ಲರಿಗೂ ಹೇಳಿದರು. ಆದರೆ ತುಂಬಿದ ಬುಟ್ಟಿ ಹೊತ್ತ ಹುಡುಗಿಯೊಬ್ಬಳು ಎದುರು ಬಂದಳು. ಅವಳಿಗೆ ದಾರಿ ಬಿಡಲಿಕ್ಕೆ ಪಕ್ಕಕ್ಕೆ ಒಂದು ಹೆಜ್ಜೆ ಸರಿದರು. ಕೆಳಗೆ ಒಳಮನೆಯಲ್ಲಿದ್ದ ನಮ್ಮ ಮೇಲೆ ಧೂಳು ಬಿತ್ತು, ಆಮೇಲೆ ನೋಡಿದರೆ ಮಾಳಿಗೆಯಿಂದ ತೊಡೆಯ ತನಕ ಒಂದು ಕಾಲು ಜೋತಾಡುತ್ತಿತ್ತು. ಎಲ್ಲರೂ ಚೀರಿದೆವು. ಮೇಲಿನಿಂದ ಅವರ ದನಿ ಬಂತು, "ಏನಾಗಿಲ್ರಿ! ಬಸಪ್ಪಾ, ನಿಮ್ಮ ಮನ್ಯಾಗ ಬೆಳಕ ಕಡಿಮಿ ಇತ್ತು, ಬೆಳಕಿಂಡಿ ಮಾಡಿ ಕೊಟ್ಟೀನಿ!"

ಬಸು ನಕ್ಕ. ತಾಯಿ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಎಲ್ಲರೂ ನಕ್ಕೆವು.

ಮುರಿದ ಜಂತಿಯ ಸೀಳು ಮೀನಖಂಡದಲ್ಲಿ ಹೊಕ್ಕಿತ್ತು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆ, ಸಂಶಿಗೆ ಹೋಗಿ ಸೂಜಿ ಮಾಡಿಸಿಕೊಳ್ಳಿ ಎಂದೆ. ಮಾಡಿಸಿಕೊಂಡರು. ಆದರೆ ಸಕ್ಕರೆ ಬೇನೆಯವರ ಗಾಯ ಮಾಯುವುದಿಲ್ಲ. ಎರಡು ಆದಿತ್ಯವಾರ ಕುಂಟುತ್ತಾ ಬಂದರು, ಮೂರನೆಯದಕ್ಕೆ ಬರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾರೆ ಎಂದು ಫೋನ್ ಬಂತು. ನಾನೂ ಬಸುವೂ ಹೋಗುವ ಹೊತ್ತಿಗೆ ಮೊಣಕಾಲಿನ ಕೆಳಗೆ ತೆಗೆದಿದ್ದರು.

ಅಂಗಾತ ಮಲಗಿದ್ದರು. ಗಂಟಲಮಣಿ ಎಂದಿಗಿಂತ ಎದ್ದು ಕಾಣುತ್ತಿತ್ತು. ಆಸ್ಪತ್ರೆಯ ಛತ್ತಿನ ಕಡೆ ಕಣ್ಣಿನಲ್ಲೇ ತೋರಿಸಿ, "ಇಲ್ಲಿ ಮಣ್ಣಿಲ್ಲ, ಅಂಜಬ್ಯಾಡ್ರಿ, ಕೂಡ್ರಿ" ಎಂದರು. ಬಸು ಕೂಡಲಿಲ್ಲ. ಮಂಚದ ಕಾಲು ಹಿಡಿದು ನಿಂತೇ ಇದ್ದ.

"ಬಸಪ್ಪಾ, ನಿಮ್ಮ ಮಾಳಿಗಿ ಪೂರಾ ಇಳೀತೇನು?"

"ಅರ್ಧಾ ಉಳದೈತ್ರಿ."

"ಅರ್ಧಾ ಬಿಡಬ್ಯಾಡೋ. ಅರ್ಧಾನ ಕೆಟ್ಟದ್ದು" ಎಂದರು. ಅವರು ನಮ್ಮ ಕೂಡ ಆಡಿದ ಕೊನೆಯ ಮಾತು ಅದು. ನಂಜು ಮೇಲೆ ಏರಿತು. ರೋಹಿಣಿ ಮಳೆಗೆ ಮೊದಲೇ ತೀರಿಕೊಂಡರು.

ಅವರ ಮನೆಯವರನ್ನು ಮಾತಾಡಿಸಿಕೊಂಡು ಬರಲು ಧಾರವಾಡಕ್ಕೆ ಹೋದೆ. ಬಾಡಿಗೆ ಮನೆ. ಹೊಸ್ತಿಲು ದಾಟಿ ನನಗೇ ತಿಳಿಯದೆ ತಲೆ ಎತ್ತಿದೆ. ಸ್ಲ್ಯಾಬಿನ ತುಂಬ ಸೋರಿದ ಕಲೆ. ಅವರ ಹೆಂಡತಿ ನೋಡಿ, "ಊರ ಮಂದಿ ಮಾಳಿಗಿ ಎಲ್ಲಾ ನೋಡಿದ್ರು ಯವ್ವಾ, ಇದನ್ನೊಂದು ನೋಡಲಿಲ್ಲ" ಎಂದರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ. ನಾನು ಬಳೆಯ ಚೂರಿನ ಮಾತು ಹೇಳಿದೆ. ಆ ಚೂರನ್ನು ಆ ದಿನ ನನ್ನ ಕೈಯಿಂದ ಅವರು ಮತ್ತೆ ತೆಗೆದುಕೊಂಡಿರಲಿಲ್ಲ, ನನ್ನ ಹತ್ತಿರವೇ ಇದೆ.

ಆದೇಶ ಬಂತು. ಅವರು ತೀರಿಕೊಂಡ ವರ್ಷದ ಶ್ರಾವಣದಲ್ಲೇ ಬಂತು. ಬೀಳುವ ಅಪಾಯವಿರುವ ಮನೆಗೂ ಹಗುರ ಮಾಳಿಗೆ ಕೊಡಬಹುದು, ಬೀಳುವ ತನಕ ಕಾಯಬೇಕಾಗಿಲ್ಲ ಎಂದು ಪಂಚಾಯಿತಿಯಲ್ಲಿ ಓದಿ ಹೇಳಿದರು. ಹತ್ತಿಕಟ್ಟಿಗೆಯ ಮಾತು ಅದರಲ್ಲಿರಲಿಲ್ಲ. ಲಾರಿಯಲ್ಲಿ ಬರುವುದು ಫ್ಯಾಕ್ಟರಿಯ ಹಲಗೆ, ಸಿಮೆಂಟು ಜಾಸ್ತಿ. ಬೇಸಿಗೆಯಲ್ಲಿ ಒಲೆಯ ಮೇಲೆ ಇಟ್ಟ ಹಂಚು. ನಮ್ಮ ಮನೆಯೊಂದೇ ತಂಪು. ಜೀವ ಉಳಿದಿದೆ, ನೆತ್ತಿ ಸುಡುತ್ತದೆ ಎನ್ನುತ್ತಾರೆ ಊರವರು. ಮೂರು ಜನ ಹೋದ ಮೇಲೆ ಸಿಕ್ಕಿದ್ದು ಇಷ್ಟು. ಹೆಚ್ಚು ಮಾಡಿ ಹೇಳುವುದಿಲ್ಲ, ಕಡಿಮೆ ಮಾಡಿಯೂ ಹೇಳುವುದಿಲ್ಲ. ಆಮೇಲೆ ನಮ್ಮೂರಿನಲ್ಲಿ ಮಾಳಿಗೆಯ ಕೆಳಗೆ ಯಾರೂ ಸತ್ತಿಲ್ಲ.

ಈಗ ನಾನು ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಬೀಗರ ಮನೆಯಲ್ಲೂ ನೋಡುತ್ತೇನೆ. ಮುದುಕಿಗೆ ಸೊಕ್ಕು ಬಂದಿದೆ ಎನ್ನುವವರು ಅನ್ನಲಿ.

ಮೊದಲ ಲಾರಿ ಬಂದಾಗ ಬಸುವಿನ ಮನೆ ನೋಡಲು ಒಬ್ಬ ಹೊಸ ಹುಡುಗ ಬಂದಿದ್ದ, ಯಾವುದೋ ಕಚೇರಿಯವನು. ನಿಂತಿದ್ದ ಹಿಂದಿನ ಅರ್ಧದ ಒಳಗೆ ಬಂದು ಮೇಲೆ ನೋಡಿದ. ಮಾಳಿಗೆಯಲ್ಲಿ ಬಸು ಮಳೆಗಷ್ಟೇ ಮುಚ್ಚುತ್ತಿದ್ದ ತೂತು, ತೂತಿನಿಂದ ನೆಲದ ಮೇಲೆ ಬಿಸಿಲಿನ ತುಂಡು.

"ಇದು ಬಿದ್ದ ಮನೆಯಲ್ಲವೇ? ಬಿದ್ದದ್ದಕ್ಕೆ ಬೇರೆ ಅರ್ಜಿ ಕೊಡಬೇಕಲ್ಲ" ಎಂದ.

ಬಸು ಬಾಗಿಲಿನಲ್ಲಿ ನಿಂತಿದ್ದ. "ಬಿದ್ದಿಲ್ರಿ ಇದು" ಎಂದ. "ಅದು ನಮ್ಮ ಸರ್ ಕಾಲಿಟ್ಟ ಜಾಗಾ."